ಮೂರು ವರ್ಷ ಗ್ಯಾಪ್ ಇದೆ, ಅಕೌಂಟ್ಸ್ ಕೆಲಸಕ್ಕೆ ಕವರ್ ಲೆಟರ್ ಹೇಗೆ ಬರೆಯಲಿ?

ಹಾಸನದ ಬಿಕಾಂ

ಎಲ್ಲರಿಗೂ ನಮಸ್ಕಾರ. ನಾನು 2019ರಿಂದ 2022ರವರೆಗೆ ಹಾಸನದಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸ ಮಾಡಿದೆ. ಮಗು ಆದ ಮೇಲೆ ಬಿಟ್ಟೆ. ಈಗ ನಮ್ಮ ಮನೆಯವರಿಗೆ ಬೆಂಗಳೂರಿಗೆ ವರ್ಗವಾಗಿ ದಾಸರಹಳ್ಳಿಯಲ್ಲಿದ್ದೇವೆ. ಪೀಣ್ಯದಲ್ಲಿ ಮೆಷಿನ್ ಪಾರ್ಟ್ಸ್ ಮಾಡುವ ಒಂದು ಕಂಪನಿಗೆ ಅಕೌಂಟ್ಸ್ ಅಸಿಸ್ಟೆಂಟ್ ಬೇಕಂತೆ. ಟ್ಯಾಲಿ ಪ್ರೈಮ್ (ಲೆಕ್ಕ ಬರೆಯುವ ಸಾಫ್ಟ್‌ವೇರ್), ಜಿಎಸ್‌ಟಿ, ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದು ಕಟ್ಟುವ ತೆರಿಗೆ) ಗೊತ್ತಿರಬೇಕು, ರೆಸ್ಯೂಮೆ ಜೊತೆ ಕವರ್ ಲೆಟರ್ ಕಳಿಸಿ ಅಂದಿದ್ದಾರೆ. ಇದಕ್ಕೆ ಮುಂಚೆ ನೆಟ್‌ನಲ್ಲಿ ಸಿಕ್ಕ ಒಂದು ಲೆಟರ್‌ಗೆ ಹೆಸರು ಬದಲಾಯಿಸಿ ಏಳೆಂಟು ಕಡೆ ಕಳಿಸಿದ್ದೆ, ಒಂದು ಕಡೆಯಿಂದಲೂ ಫೋನ್ ಬರಲಿಲ್ಲ. ಅದರಲ್ಲಿ ಇದ್ದದ್ದು ಶ್ರಮಪಡುತ್ತೇನೆ, ಪ್ರಾಮಾಣಿಕಳು, ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತೇನೆ ಅಂತ. ಗ್ಯಾಪ್ ಬಗ್ಗೆ ಹೇಳಬೇಕಾ, ಬೇಡವಾ? ನಾನು ಓದಿದ್ದು ಕನ್ನಡ ಮೀಡಿಯಂ, ಇಂಗ್ಲಿಷ್‌ನಲ್ಲಿ ಬರೆಯಲು ಭಯ. ಭಾನುವಾರದೊಳಗೆ ಕಳಿಸಬೇಕು.

ಲೆಕ್ಕದ ಪುಸ್ತಕ

ತಂಗಿ, ನಾನು ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ, ಬಂದ ಅರ್ಜಿ ಓದುವವನೂ ನಾನೇ. ಶ್ರಮಪಡುತ್ತೇನೆ, ಪ್ರಾಮಾಣಿಕಳು ಅಂತ ಎಲ್ಲರೂ ಬರೆಯುತ್ತಾರೆ. ಅದನ್ನು ಓದಿ ನನಗೆ ನಿಮ್ಮ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ನಮ್ಮಂಥ ಕಡೆ ತಿಂಗಳು ಹೇಗೆ ಓಡುತ್ತದೆ ನೋಡಿ. 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1 (ನಾವು ಮಾರಿದ್ದರ ಬಿಲ್‌ಗಳ ವಿವರ), 20ಕ್ಕೆ 3ಬಿ (ತಿಂಗಳ ತೆರಿಗೆ ಲೆಕ್ಕ ಹಾಕಿ ಕಟ್ಟುವ ರಿಟರ್ನ್). ಇದರ ಮಧ್ಯೆ 14ಕ್ಕೆ 2ಬಿ, ಅಂದರೆ ಸಪ್ಲೈಯರ್‌ಗಳು ನಮ್ಮ ಹೆಸರಿಗೆ ಜಿಎಸ್‌ಟಿಯಲ್ಲಿ ತೋರಿಸಿದ ಬಿಲ್‌ಗಳ ಪಟ್ಟಿ, ಬರುತ್ತದೆ. ಅದನ್ನು ನಮ್ಮ ಪರ್ಚೇಸ್ ರಿಜಿಸ್ಟರ್ ಜೊತೆ ತಾಳೆ ನೋಡಿದರೆ ಯಾವನೋ ಒಬ್ಬ ಸಪ್ಲೈಯರ್ ಬಿಲ್ ಹಾಕಿರುವುದೇ ಇಲ್ಲ. ನಾವು ದುಡ್ಡು ಕೊಟ್ಟಾಗಿದೆ, ಆದರೆ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಸಿಗುವುದಿಲ್ಲ. ಅವನಿಗೆ ದಿನಾ ಫೋನ್ ಮಾಡಿ ಮಾಡಿ ಹಾಕಿಸಬೇಕು. ಈ ತಲೆನೋವನ್ನು ಯಾರಾದರೂ ತಮ್ಮ ಮೇಲೆ ತೆಗೆದುಕೊಂಡರೆ ಸಾಕಪ್ಪ ಅಂತ ನಾನು ಕಾಯುತ್ತಿರುತ್ತೇನೆ. ಆಡಿಟರ್ ಆಫೀಸಿನಲ್ಲಿ ನೀವು ಇದನ್ನು ಮಾಡಿರಲೇಬೇಕು, ಅಲ್ವಾ? ಮಾಡಿದ್ದರೆ ಅದೇ ನಿಮ್ಮ ಮೊದಲನೇ ಸಾಲು. ಎಷ್ಟು ಜನ ಕ್ಲೈಂಟ್‌ಗಳದ್ದು ಮಾಡುತ್ತಿದ್ದಿರಿ, ತಿಂಗಳಿಗೆ ಸುಮಾರು ಎಷ್ಟು ಬಿಲ್, ಇದನ್ನು ನೆನಪಿಸಿಕೊಂಡು ನಿಜವಾದ ಲೆಕ್ಕ ಬರೆಯಿರಿ. ಇಂಟರ್ವ್ಯೂನಲ್ಲಿ ನಾನು ಕೇಳುವುದೂ ಅದನ್ನೇ.

ಮತ್ತೆ ಶುರು

ನನಗೂ ಐದು ವರ್ಷ ಗ್ಯಾಪ್ ಇತ್ತು. ಅಕ್ಕ, ಗ್ಯಾಪ್ ಮುಚ್ಚಿಡಬೇಡಿ. ರೆಸ್ಯೂಮೆಯಲ್ಲಿ ಇಸವಿ ನೋಡಿದ ಕೂಡಲೇ ಗೊತ್ತಾಗುತ್ತದೆ. ಹಾಗಂತ ಕ್ಷಮೆ ಕೇಳುವ ಹಾಗೂ ಬರೆಯಬೇಡಿ. "ಮಗುವಿನ ಪಾಲನೆಗಾಗಿ 2022ರಲ್ಲಿ ಕೆಲಸ ಬಿಟ್ಟೆ, ಈಗ ಪೂರ್ತಿ ದಿನ ಕೆಲಸಕ್ಕೆ ಬರಬಲ್ಲೆ." ಒಂದೇ ಸಾಲು, ಮುಗೀತು. ನಾನು ಮೊದಲು ಒಂದು ಪ್ಯಾರಾ ಪೂರ್ತಿ ಮನೆ ಕಷ್ಟ ಬರೆದಿದ್ದೆ, ಈಗ ಓದಿದರೆ ಹೊಟ್ಟೆ ಉರಿಯುತ್ತದೆ, ಕೆಲಸದ ಮಾತು ಕೊನೆಗೆ ಎಲ್ಲೋ ಮೂಲೆಯಲ್ಲಿತ್ತು.

ಇನ್ನೊಂದು. ನೀವು ಆಫೀಸಿನಲ್ಲಿ ಬಳಸಿದ್ದು ಟ್ಯಾಲಿ ಪ್ರೈಮಾ ಅಥವಾ ಹಳೇ ಇಆರ್‌ಪಿ 9 ಆ? ಪ್ರೈಮ್ ಬಂದಿದ್ದು 2020ರ ಕೊನೆಗೆ, ಎಷ್ಟೋ ಕಡೆ ಆಮೇಲೂ ಹಳೇದೇ ಇತ್ತು. ಹಳೇದಾಗಿದ್ದರೆ ಈಗಲೇ ಪ್ರೈಮ್ ಇಳಿಸಿಕೊಳ್ಳಿ, ಎಜುಕೇಷನಲ್ ಮೋಡ್‌ನಲ್ಲಿ ದುಡ್ಡು ಕೊಡದೆ ಅಭ್ಯಾಸ ಮಾಡಬಹುದು. ತಿಂಗಳ ಎಲ್ಲಾ ತಾರೀಖಿಗೂ ವೋಚರ್ (ಲೆಕ್ಕದ ಎಂಟ್ರಿ) ಹಾಕಲು ಬಿಡುವುದಿಲ್ಲ, ಕಲಿಯಲು ಅಷ್ಟು ಸಾಕು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಗಿದೆ, ಶೇಕಡಾ 12 ಮತ್ತು 28ರಲ್ಲಿದ್ದ ಬಹುತೇಕ ಸಾಮಾನು ಶೇಕಡಾ 5ಕ್ಕೋ 18ಕ್ಕೋ ಬಂದಿವೆ. ಅದನ್ನೂ ನೋಡಿಕೊಳ್ಳಿ. ಗ್ಯಾಪ್ ಇರುವವರಿಗೆ ಹೊಸದು ಗೊತ್ತಿದೆಯಾ ಅನ್ನೋದೇ ಅವರ ಅನುಮಾನ.

ಸರಳ ಇಂಗ್ಲಿಷ್

ಇಂಗ್ಲಿಷ್ ಭಯಕ್ಕೆ ನಾನು ಮಾಡಿದ್ದು ಹೇಳ್ತೀನಿ. ಮೊದಲು ಕನ್ನಡದಲ್ಲೇ ಬರೆಯಿರಿ, ಆ ಮ್ಯಾನೇಜರ್ ಎದುರು ಕೂತು ಮಾತಾಡುವ ಹಾಗೆ. ಆಮೇಲೆ ಒಂದೊಂದೇ ಸಾಲನ್ನು ಇಂಗ್ಲಿಷ್‌ಗೆ ತನ್ನಿ, ನಿಮಗೆ ಗೊತ್ತಿರುವ ಪದಗಳಲ್ಲೇ. ಎಐ ಹತ್ತಿರ ತಪ್ಪು ತಿದ್ದಿಸಿ, ಪರವಾಗಿಲ್ಲ, ಆದರೆ ಪೂರ್ತಿ ಬರೆಸಬೇಡಿ. ನೀವು ಬಾಯಲ್ಲಿ ಹೇಳಲಾರದ ಪದ ಲೆಟರ್‌ನಲ್ಲಿದ್ದರೆ ಇಂಟರ್ವ್ಯೂನಲ್ಲಿ ಕಷ್ಟ. ಲೆಟರನ್ನು ಮೇಲ್ ಒಳಗೇ ಬರೆಯಿರಿ, ಬೇರೆ ಫೈಲ್ ಕೇಳಿದ್ದರೆ ಮಾತ್ರ ಬೇರೆ ಫೈಲ್. ಸಬ್ಜೆಕ್ಟ್‌ನಲ್ಲಿ ಕೆಲಸದ ಹೆಸರು, ನಿಮ್ಮ ಹೆಸರು. ಮೊದಲು ಕಳಿಸಿದ ಲೆಟರ್‌ನ ಕಂಪನಿ ಹೆಸರು ಎಲ್ಲಾದರೂ ಉಳಿದಿದೆಯಾ ಅಂತ ಎರಡು ಸಲ ನೋಡಿ!

ಹಾಸನದ ಬಿಕಾಂ

ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಮಗಳು ಮಲಗಿದ ಮೇಲೆ ಕೂತು ಕನ್ನಡದಲ್ಲಿ ಬರೆದೆ:

"ಹಾಸನದ ಆಡಿಟರ್ ಆಫೀಸಿನಲ್ಲಿ ಮೂರು ವರ್ಷ 14 ಕ್ಲೈಂಟ್‌ಗಳ ಜಿಎಸ್‌ಟಿ ಕೆಲಸ ನೋಡಿಕೊಂಡಿದ್ದೇನೆ. ಪ್ರತಿ ತಿಂಗಳು 2ಬಿ ತಾಳೆ ನೋಡಿ, ಬಿಟ್ಟುಹೋದ ಬಿಲ್‌ಗಳಿಗಾಗಿ ಸಪ್ಲೈಯರ್‌ಗಳಿಗೆ ನಾನೇ ಫೋನ್ ಮಾಡುತ್ತಿದ್ದೆ. ಟಿಡಿಎಸ್ ಚಲನ್ ಕಟ್ಟಿದ್ದೇನೆ, ರಿಟರ್ನ್ ಫೈಲ್ ಮಾಡುವಾಗ ಸಹಾಯ ಮಾಡಿದ್ದೇನೆ. ಕೆಲಸ ಮಾಡಿದ್ದು ಟ್ಯಾಲಿ ಇಆರ್‌ಪಿ 9ರಲ್ಲಿ, ಈಗ ಪ್ರೈಮ್ ಅಭ್ಯಾಸ ಮಾಡುತ್ತಿದ್ದೇನೆ. ಮಗುವಿನ ಪಾಲನೆಗಾಗಿ 2022ರಲ್ಲಿ ಕೆಲಸ ಬಿಟ್ಟೆ, ಈಗ ಪೂರ್ತಿ ದಿನ ಬರಬಲ್ಲೆ. ಮನೆ ದಾಸರಹಳ್ಳಿಯಲ್ಲಿದೆ. ಅವಕಾಶ ಕೊಟ್ಟರೆ ಚಿರಋಣಿಯಾಗಿರುತ್ತೇನೆ."

ಸರಿ ಇದೆಯಾ ಅಣ್ಣ?

ಲೆಕ್ಕದ ಪುಸ್ತಕ

ಈ ಲೆಟರ್ ನನಗೆ ಬಂದಿದ್ದರೆ ಇವತ್ತೇ ಫೋನ್ ಮಾಡುತ್ತಿದ್ದೆ. ಟಿಡಿಎಸ್ ರಿಟರ್ನ್‌ಗೆ ಬರೀ ಸಹಾಯ ಮಾಡಿದ್ದು ಅಂತ ನಿಜ ಬರೆದಿದ್ದು ಬಹಳ ಒಳ್ಳೆಯದಾಯ್ತು. ಪೀಣ್ಯಕ್ಕೆ ದಾಸರಹಳ್ಳಿ ಪಕ್ಕದಲ್ಲೇ, ಅದೂ ಅವರಿಗೆ ಬೇಕಾದ ಮಾತು. ಕೊನೆಯ ಸಾಲು ತೆಗೆದುಬಿಡಿ. ಅದರ ಬದಲು ಫೋನ್ ನಂಬರ್, ಯಾವತ್ತಿನಿಂದ ಕೆಲಸಕ್ಕೆ ಬರಬಹುದು, ಎರಡೇ ಹಾಕಿ. ಭಾನುವಾರದವರೆಗೆ ಕಾಯಬೇಡಿ, ನಾಳೆ ಬೆಳಗ್ಗೆಯೇ ಕಳಿಸಿ.