‘ಮೂಲ ನಿಯಮ’ ಯಾವ ನಿಯಮ? – ವಲಯ, ಒಕ್ಕೂಟ, ಸುಂಕ, ತೆರಿಗೆ

ಪ್ರಶ್ನೆ (ತೀರ್ಥಹಳ್ಳಿಯಿಂದ):

ಅಡಿಕೆ, ಕಾಳುಮೆಣಸು ಬೆಳೆಗಾರರಿಗೆಂದು ಆಮದು ಒಪ್ಪಂದಗಳ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ‘ರೂಲ್ಸ್ ಆಫ್ ಒರಿಜಿನ್’ಗೆ ‘ಮೂಲ ನಿಯಮಗಳು’ ಎಂದರೆ ಸಾಕೆ? ಸಾಫ್ಟಾ (ದಕ್ಷಿಣ ಏಷ್ಯಾ ದೇಶಗಳ ವ್ಯಾಪಾರ ಒಪ್ಪಂದ), ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ ಕೂಟ), ಐರೋಪ್ಯ ಒಕ್ಕೂಟ ಮೂರನ್ನೂ ‘ವ್ಯಾಪಾರ ಒಕ್ಕೂಟ’ ಎಂದೇ ಬರೆಯಬಹುದೆ? ಸುಂಕ, ತೆರಿಗೆ ಎರಡೂ ಒಂದೆಯೆ?

ಉತ್ತರ (ಶಿವಮೊಗ್ಗದಿಂದ):

‘ಮೂಲ ನಿಯಮ’ ಬೇಡವೇ ಬೇಡ. ಓದಿದವರು ಅದನ್ನು ‘ಮೂಲಭೂತ ನಿಯಮ’ ಎಂದು ತಿಳಿದು ಮುಂದೆ ಹೋಗುತ್ತಾರೆ, ಬೆಳೆಗಾರರಿಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ ಅಲ್ಲೇ ತಪ್ಪಿಹೋಗುತ್ತದೆ. ಸರಕು ಯಾವ ದೇಶದ್ದು ಎಂದು ತೀರ್ಮಾನಿಸುವ ನಿಯಮ ಇದು. ‘ಮೂಲದೇಶ ನಿಯಮ’ ಎನ್ನಿ, ಗೊಂದಲ ಉಳಿಯುವುದಿಲ್ಲ.

ಇಂಥ ನಿಯಮ ಯಾಕೆ ಬೇಕು ಎಂಬುದು ನಿಮ್ಮ ಎರಡನೆಯ ಪ್ರಶ್ನೆಯಲ್ಲಿದೆ. ಯಾವುದೇ ಕೂಟದ ಹೆಸರು ಬಂದಾಗ ಒಂದು ಮಾತು ಕೇಳಿ: ಹೊರಗಿನವರ ಸರಕಿಗೆ ಸದಸ್ಯ ದೇಶಗಳೆಲ್ಲ ಒಂದೇ ಸುಂಕ ಹಾಕುತ್ತವೆಯೆ? ಹಾಕಿದರೆ ಅದು ‘ಸುಂಕ ಒಕ್ಕೂಟ’. ತಮ್ಮತಮ್ಮೊಳಗೆ ಸುಂಕ ಇಳಿಸಿಕೊಂಡು ಹೊರಗಿನವರ ಮಟ್ಟಿಗೆ ಒಬ್ಬೊಬ್ಬರೂ ತಮಗೆ ಬೇಕಾದ ದರ ಇಟ್ಟುಕೊಂಡರೆ ಅದು ‘ಮುಕ್ತ ವ್ಯಾಪಾರ ವಲಯ’. 1910ರಿಂದ ಇರುವ ದಕ್ಷಿಣ ಆಫ್ರಿಕಾ ಭಾಗದ ಕೂಟ ಮೊದಲ ಬಗೆಯದು. ಯುರೋಪಿನ ದೇಶಗಳು 1968ರ ಜುಲೈ 1ರಂದು ಆ ಹಂತ ಮುಟ್ಟಿದವು. 2004ರಲ್ಲಿ ಇಸ್ಲಾಮಾಬಾದಿನಲ್ಲಿ ಸಹಿಯಾಗಿ 2006ರ ಜನವರಿ 1ರಿಂದ ಜಾರಿಗೆ ಬಂದ ಸಾಫ್ಟಾ ಎರಡನೆಯ ಬಗೆಯದು, ಅದನ್ನು ಒಕ್ಕೂಟ ಎನ್ನುವುದು ತಪ್ಪು. ಆಸಿಯಾನ್ 1967ರ ಸಂಘಟನೆ. 2010ರಿಂದ ನಮಗೂ ಅದಕ್ಕೂ ಇರುವುದು ಬೇರೆಯೇ ಆದ ಸರಕು ಒಪ್ಪಂದ. ಕೈಪಿಡಿಯಲ್ಲಿ ‘ಆಸಿಯಾನ್ ಒಪ್ಪಂದ’ ಎಂದೇ ಬರೆಯಿರಿ.

ವಲಯದಲ್ಲಿ ಹೊರಸುಂಕ ಒಂದೇ ಇರುವುದಿಲ್ಲವಲ್ಲ, ತೊಡಕು ಹುಟ್ಟುವುದೇ ಅಲ್ಲಿ. ಕಾಳುಮೆಣಸನ್ನೇ ನೋಡಿ. ನಮ್ಮ ಸಾಮಾನ್ಯ ಆಮದು ಸುಂಕ ಶೇ 70. ಆಸಿಯಾನ್ ಒಪ್ಪಂದದಡಿ ವಿಯೆಟ್ನಾಮಿನ ಮೆಣಸಿಗೆ ಶೇ 50. ಸಾಫ್ಟಾದಡಿ ಶ್ರೀಲಂಕಾದ ಮೆಣಸಿಗೆ ಶೇ 8. ಜೊತೆಗೆ ಶ್ರೀಲಂಕಾದೊಂದಿಗಿನ ದ್ವಿಪಕ್ಷೀಯ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ಸುಂಕವಿಲ್ಲದೆ ಬರಬಹುದು. ವಿಯೆಟ್ನಾಮಿನ ಮೆಣಸು ಕೊಲಂಬೊದಲ್ಲಿ ಚೀಲ ಬದಲಿಸಿ ಬಂದರೆ 42 ಶೇಕಡಾಂಶದ ಲಾಭ. ಇದನ್ನು ತಡೆಯಲು ಇರುವುದೇ ಮೂಲದೇಶ ನಿಯಮ. ಬೆಳೆಗೆ ಅದು ಸರಳ: ಆ ನೆಲದಲ್ಲೇ ಬೆಳೆದು ಕೊಯ್ದಿರಬೇಕು. ಒಣಗಿಸುವುದು, ಜರಡಿ ಹಿಡಿಯುವುದು, ಮೂಟೆ ಕಟ್ಟುವುದರಿಂದ ದೇಶ ಬದಲಾಗುವುದಿಲ್ಲ.

ಸಂಸ್ಕರಿಸಿದ ಸರಕಿಗೆ ಸಾಫ್ಟಾದಲ್ಲಿ ಎರಡು ಪರೀಕ್ಷೆ: ಸುಂಕಪಟ್ಟಿಯಲ್ಲಿ ಸರಕಿಗೆ ಕೊಟ್ಟ ಸಂಖ್ಯೆಯ ಮೊದಲ ನಾಲ್ಕು ಅಂಕಿ ಬದಲಾಗಬೇಕು, ಒಳಗಿನ ಮೌಲ್ಯವರ್ಧನೆ ನಿಗದಿತ ಮಟ್ಟಕ್ಕಿರಬೇಕು (ಭಾರತ, ಪಾಕಿಸ್ತಾನಕ್ಕೆ ಶೇ 40, ಶ್ರೀಲಂಕಾಕ್ಕೆ 35, ಹಿಂದುಳಿದ ಸದಸ್ಯ ದೇಶಗಳಿಗೆ 30). ಕಾಳು 0904 11, ಪುಡಿ 0904 12. ನಾಲ್ಕು ಅಂಕಿ ಹಾಗೇ ಉಳಿಯುವುದರಿಂದ ಹೊರಗಿನ ಕಾಳನ್ನು ತಂದು ಪುಡಿ ಮಾಡಿದ ಮಾತ್ರಕ್ಕೆ ಸಾಫ್ಟಾದ ರಿಯಾಯಿತಿ ಸಿಗದು. ಆಸಿಯಾನ್ ಒಪ್ಪಂದ ಆರು ಅಂಕಿ ನೋಡುತ್ತದೆ. ಅಲ್ಲಿ ಸಂಖ್ಯೆ ಬದಲಾಗುತ್ತದೆ, ಆದರೆ ಶೇ 35ರ ಮೌಲ್ಯದ ಪರೀಕ್ಷೆಯನ್ನೂ ದಾಟಬೇಕು. ಅನುವಾದದಲ್ಲಿ ‘ಶೀರ್ಷಿಕೆ ಬದಲಾವಣೆ’ ಎಂದಷ್ಟೇ ಬರೆದು ಎಷ್ಟು ಅಂಕಿ ಎಂದು ಬಿಟ್ಟರೆ ಅರ್ಥವೇ ತಲೆಕೆಳಗಾಗುತ್ತದೆ. 2020ರ ಸೆಪ್ಟೆಂಬರ್ 21ರಿಂದ ನಮ್ಮಲ್ಲಿ ಮೂಲದೇಶದ ಪ್ರಮಾಣಪತ್ರ ತೋರಿಸಿದರೆ ಮುಗಿಯುವುದಿಲ್ಲ, ಸರಕಿನ ಮೂಲದ ವಿವರ ಆಮದುದಾರನ ಬಳಿಯೇ ಇರಬೇಕು, ಐದು ವರ್ಷ ಕಾಪಿಡಬೇಕು.

‘ಮುಕ್ತ’ ಎಂದರೆ ಸೊನ್ನೆ ಸುಂಕ ಎಂದೂ ಬರೆಯಬೇಡಿ. ಪ್ರತಿ ದೇಶಕ್ಕೂ ರಿಯಾಯಿತಿಯಿಂದ ಹೊರಗಿಟ್ಟ ‘ಸೂಕ್ಷ್ಮ ಪಟ್ಟಿ’ ಇದೆ. ಇನ್ನು ‘ಕಾಮನ್ ಮಾರ್ಕೆಟ್’ಗೆ ಪಠ್ಯಪುಸ್ತಕದ ‘ಸಾಮಾನ್ಯ ಮಾರುಕಟ್ಟೆ’ ಮಾಮೂಲಿ ಸಂತೆಯಂತೆ ಕೇಳಿಸುತ್ತದೆ. ಸರಕಿನ ಜೊತೆ ದುಡಿಮೆ, ಬಂಡವಾಳ, ಸೇವೆಯೂ ಓಡಾಡುವ ಹಂತ ಅದು. ಕೂಡುಕುಟುಂಬ ಎನ್ನುವ ನಾವು ‘ಕೂಡುಮಾರುಕಟ್ಟೆ’ ಎನ್ನಲು ಹಿಂಜರಿಯಬೇಕಿಲ್ಲ.

ಸುಂಕ, ತೆರಿಗೆ ಒಂದಲ್ಲ. ಸಾಗುವ ಸರಕಿನ ಮೇಲಿನ ವಸೂಲಿಯೇ ಸುಂಕ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಹೆಸರುಗಳಿವೆ. ‘ಸುಂಕದವನ ಮುಂದೆ ಸುಖದುಃಖ’ ಎಂಬ ಗಾದೆಯೂ ಸುಂಕದ ಕಟ್ಟೆಯದೇ. ಇಂದಿಗೂ ಈ ಭೇದ ಬೇಕು: ಬಂದರಿನಲ್ಲಿ ಸುಂಕದ ಜೊತೆ ಸರಕು-ಸೇವಾ ತೆರಿಗೆಯ ಒಂದು ಬಗೆಯಾದ ಐಜಿಎಸ್‌ಟಿಯೂ ಬೀಳುತ್ತದೆ, ಒಪ್ಪಂದ ತಗ್ಗಿಸುವುದು ಮೂಲ ಸುಂಕವನ್ನು (ಬೇಸಿಕ್ ಕಸ್ಟಮ್ಸ್ ಡ್ಯೂಟಿ) ಮಾತ್ರ. ‘ತೆರಿಗೆ ವಿನಾಯಿತಿ’ ಎಂದು ಬರೆದರೆ ಎರಡೂ ಹೋಯಿತೆಂಬ ಅರ್ಥ ಬರುತ್ತದೆ.

ಸೇರಿಕೆ (ಸಾಗರದಿಂದ):

‘ಕನಿಷ್ಠ ಆಮದು ಬೆಲೆ’ಯನ್ನು ಹಲವರು ಬೆಂಬಲ ಬೆಲೆ ಎಂದುಕೊಳ್ಳುತ್ತಾರೆ. ಅದು ಬೆಳೆಗಾರನಿಗೆ ಯಾರೂ ಕೊಡುವ ಬೆಲೆಯಲ್ಲ. ಸಾಗಣೆ, ವಿಮೆ ಸೇರಿದ ದರ ಅದಕ್ಕಿಂತ ಕಡಿಮೆಯಿದ್ದರೆ ಸರಕು ಒಳಬರುವಂತಿಲ್ಲ ಎಂಬ ಗೆರೆ. ಅಡಿಕೆಗೆ ಕಿಲೋಗೆ 251 ರೂಪಾಯಿ ಇದ್ದದ್ದು 2023ರ ಫೆಬ್ರುವರಿಯಲ್ಲಿ 351 ಆಯಿತು. ಇದು ಸುಂಕದ ಜೊತೆಗಿದ್ದಾಗ ಗಟ್ಟಿ: ಶೇ 100 ಸುಂಕವಿದ್ದಲ್ಲಿ 200 ರೂಪಾಯಿಯ ಅಡಿಕೆಗೆ 351ರ ಬಿಲ್ ಮಾಡಿದವನು ಸುಂಕವನ್ನೂ 351ರ ಮೇಲೇ ಕಟ್ಟಬೇಕು. ಸುಂಕ ಸೊನ್ನೆಯಾದ ದಾರಿಯಲ್ಲಿ ಬಿಲ್ ಹಿಗ್ಗಿಸಿದ್ದಕ್ಕೆ ಸುಂಕದ ಹೊರೆ ಬೀಳುವುದಿಲ್ಲ, ಗೆರೆ ಕಾಗದದ ಮೇಲಷ್ಟೇ ಉಳಿಯುತ್ತದೆ. ಕೈಪಿಡಿಯಲ್ಲಿ ಇವೆರಡನ್ನೂ ಒಂದೇ ಪುಟದಲ್ಲಿ ಇಡಿ.

ಭೂತಾನಿಗೆ ಬೇರೆ ವಿನಾಯಿತಿ ಇದೆ: 2022ರ ಸೆಪ್ಟೆಂಬರ್ ಆದೇಶದಂತೆ ಜೈಗಾಂವ್ ಗಡಿಠಾಣೆ ಮೂಲಕ ವರ್ಷಕ್ಕೆ 17,000 ಟನ್, ಈ ಬೆಲೆಯ ಷರತ್ತಿಲ್ಲದೆ. ಇಲ್ಲಿ ‘ಹಸಿ ಅಡಿಕೆ’ ಎಂಬ ಪದ ಬಿಡಬೇಡಿ. ನಮ್ಮಲ್ಲಿ ಸಿಪ್ಪೆ ಸಮೇತ ಒಂದು ಕ್ವಿಂಟಾಲ್ ಹಸಿ ಅಡಿಕೆಗೆ 12–13 ಕಿಲೋ ಒಣ ಅಡಿಕೆ ಬರುತ್ತದೆ. ಆ ಲೆಕ್ಕದಲ್ಲಿ ಅದು ಒಣಗಿದ ಮೇಲೆ 2,000 ಟನ್ನಿನ ಆಸುಪಾಸು. ‘17,000 ಟನ್ ಅಡಿಕೆ’ ಎಂದಷ್ಟೇ ಬರೆದರೆ ಓದುಗರು ಅದನ್ನು ರಾಶಿ ಇಡಿಯ (ಮಾರಾಟಕ್ಕೆ ಸಿದ್ಧವಾದ ಒಣ ಅಡಿಕೆಯ ಒಂದು ಬಗೆ) ತೂಕ ಎಂದೇ ಎಣಿಸುತ್ತಾರೆ.