ಮೃದು ಅಂಗಾಂಶದ ಸಾರ್ಕೋಮಾ: ಕೀಮೋಕೈನ್ ಜೀನ್ ಅಳೆದು ರೋಗದ ಮುಂದಿನ ಗತಿ ಹೇಳಬಹುದೇ?

ಪ್ಯಾರಾಫಿನ್60 (ಪ್ರಶ್ನೆ)

ಸಾರ್ಕೋಮಾದ (ಸ್ನಾಯು, ಕೊಬ್ಬಿನಂಥ ಅಂಗಾಂಶದ ಕ್ಯಾನ್ಸರ್) 60 ಪ್ಯಾರಾಫಿನ್ ಬ್ಲಾಕ್‌ಗಳಿವೆ, ಅಂದರೆ ಮೇಣದಲ್ಲಿ ಹುದುಗಿಸಿಟ್ಟ ಗೆಡ್ಡೆಯ ತುಂಡುಗಳು. ಯುಪಿಎಸ್ (ಅನ್‌ಡಿಫರೆನ್ಶಿಯೇಟೆಡ್ ಪ್ಲಿಯೋಮಾರ್ಫಿಕ್ ಸಾರ್ಕೋಮಾ), ಮಿಕ್ಸೋಫೈಬ್ರೋಸಾರ್ಕೋಮಾ, ಲಿಯೋಮಯೋಸಾರ್ಕೋಮಾ, ಡಿಡಿಫರೆನ್ಶಿಯೇಟೆಡ್ ಲೈಪೋಸಾರ್ಕೋಮಾ, ಕೆಲವು ಸೈನೋವಿಯಲ್ ಸಾರ್ಕೋಮಾ, ಹೀಗೆ ಎಲ್ಲ ಬಗೆಗಳೂ ಬೆರೆತಿವೆ. ಸಿಎಕ್ಸ್‌ಸಿಎಲ್9, ಸಿಎಕ್ಸ್‌ಸಿಎಲ್10, ಸಿಎಕ್ಸ್‌ಸಿಎಲ್13, ಸಿಸಿಎಲ್3, ಸಿಸಿಎಲ್5, ಸಿಎಕ್ಸ್‌ಸಿಎಲ್12 ಈ ಕೀಮೋಕೈನ್ (ರೋಗನಿರೋಧಕ ಕೋಶಗಳನ್ನು ಕರೆತರುವ ಪ್ರೋಟೀನ್) ಜೀನ್‌ಗಳ ಆರ್‌ಎನ್‌ಎಯನ್ನು ಕ್ಯೂಪಿಸಿಆರ್‌ನಲ್ಲಿ ಅಳೆದು, ಜಿಎಪಿಡಿಎಚ್ ಎಂಬ ಹೋಲಿಕೆ ಜೀನ್‌ಗೆ ಹೋಲಿಸಿ, ಮೀಡಿಯನ್‌ನಲ್ಲಿ ಎರಡು ಗುಂಪು ಮಾಡಿ ಕಪ್ಲಾನ್-ಮಯರ್ (ಬದುಕುಳಿದ ಅವಧಿಯ ಗ್ರಾಫ್) ಹಾಕುವ ಯೋಜನೆ. ಎಲ್ಲಿ ಎಡವಬಹುದು?

ಗಾಜುಪಟ್ಟಿ

ಆರ್‌ಎನ್‌ಎ ತೆಗೆಯುವ ಮೊದಲು ಪ್ರತಿ ಬ್ಲಾಕ್‌ನಿಂದ ಒಂದು ಎಚ್ ಅಂಡ್ ಇ (ಸಾಮಾನ್ಯ ಬಣ್ಣ ಹಾಕಿದ) ಸ್ಲೈಡ್ ಮಾಡಿಸಿ, ಪೆಥಾಲಜಿಸ್ಟ್ ಪಕ್ಕದಲ್ಲಿ ಕೂತು ನೋಡಿ. ಗೆಡ್ಡೆ ಇರುವ ಭಾಗಕ್ಕೆ ಪೆನ್ನಿನಲ್ಲಿ ಗೆರೆ ಎಳೆಸಿ, ಅದನ್ನಷ್ಟೇ ಬ್ಲೇಡಿನಿಂದ ಕೆರೆದುಕೊಳ್ಳಿ. ಸತ್ತ ಅಂಗಾಂಶ, ರಕ್ತ, ಸುತ್ತಲಿನ ಸ್ನಾಯು ಬೇಡ.

ದೊಡ್ಡ ಮೋಸ ಲಿಂಫ್ ನೋಡ್‌ನದು. ರೆಟ್ರೋಪೆರಿಟೋನಿಯಂನ (ಹೊಟ್ಟೆಯ ಹಿಂಭಾಗದ) ಲೈಪೋಸಾರ್ಕೋಮಾಕ್ಕೆ ಅಂಟಿಕೊಂಡು ಬಂದ ಸಣ್ಣ ನೋಡ್ ಒಂದು ಸೆಕ್ಷನ್‌ನಲ್ಲಿ ಸೇರಿದರೂ ಸಿಎಕ್ಸ್‌ಸಿಎಲ್13, ಸಿಸಿಎಲ್19, ಸಿಸಿಎಲ್21 ಮೂರೂ ಜಿಗಿಯುತ್ತವೆ. ಅದನ್ನು ಗೆಡ್ಡೆಯೊಳಗೆ ಹುಟ್ಟಿದ ಟರ್ಷಿಯರಿ ಲಿಂಫಾಯ್ಡ್ ರಚನೆ (ಗುಂಪುಗೂಡಿದ ರೋಗನಿರೋಧಕ ಕೋಶಗಳು) ಎಂದು ಓದಿಕೊಂಡರೆ ಇಡೀ ವಾದ ತಲೆಕೆಳಗು. ನೋಡ್‌ಗೆ ಕ್ಯಾಪ್ಸೂಲ್ ಇರುತ್ತದೆ, ಅದರ ಕೆಳಗೆ ಸೈನಸ್ ಕಾಣುತ್ತದೆ. ಗೆಡ್ಡೆಯೊಳಗಿನ ರಚನೆಗೆ ಅವೆರಡೂ ಇರುವುದಿಲ್ಲ. ಸಂಶಯ ಬಂದ ಕಡೆ ಸಿಡಿ3, ಸಿಡಿ20, ಸಿಡಿ21 ಎಂಬ ಕೋಶಗುರುತುಗಳಿಗೆ ಬಣ್ಣ ಹಾಕಿಸಿ.

ಡಿಡಿಫರೆನ್ಶಿಯೇಟೆಡ್ ಲೈಪೋಸಾರ್ಕೋಮಾದಲ್ಲಿ ಇನ್ನೊಂದು ತೊಡಕಿದೆ. ಒಂದೇ ಗೆಡ್ಡೆಯಲ್ಲಿ ಕೊಬ್ಬಿನಂಥ ವೆಲ್-ಡಿಫರೆನ್ಶಿಯೇಟೆಡ್ ಭಾಗ ಮತ್ತು ಗಟ್ಟಿ ಭಾಗ ಎರಡೂ ಇರುತ್ತವೆ. ಒಬ್ಬ ರೋಗಿಯಿಂದ ಮೊದಲನೆಯದು, ಇನ್ನೊಬ್ಬರಿಂದ ಎರಡನೆಯದು ತೆಗೆದರೆ ಅಳೆದದ್ದು ರೋಗಿಗಳ ವ್ಯತ್ಯಾಸವಲ್ಲ, ಕತ್ತರಿಸಿದ ಜಾಗದ ವ್ಯತ್ಯಾಸ. ಎಲ್ಲರಿಂದಲೂ ಗಟ್ಟಿ ಭಾಗವನ್ನೇ ತೆಗೆಯಿರಿ. 15 ಸೆಂ.ಮೀ. ಗೆಡ್ಡೆಗೆ ಒಂದೇ ಬ್ಲಾಕ್ ಸಾಲದು, ಕನಿಷ್ಠ ಎರಡು ನೋಡಿ. ಲಿಂಫಾಯ್ಡ್ ರಚನೆಗಳು ಚದುರಿ ಕೂತಿರುತ್ತವೆ, ಹಾಗಾಗಿ ಸಿಎಕ್ಸ್‌ಸಿಎಲ್13 ಒಂದು ಬ್ಲಾಕ್‌ನಲ್ಲಿ ಹೆಚ್ಚು, ಪಕ್ಕದ್ದರಲ್ಲಿ ಸೊನ್ನೆ ಬರುವುದು ಮಾಮೂಲು.

ಶಸ್ತ್ರಚಿಕಿತ್ಸೆಗೆ ಮುಂಚೆ ವಿಕಿರಣ (ಸಾಮಾನ್ಯವಾಗಿ 25 ಕಂತುಗಳಲ್ಲಿ 50 ಗ್ರೇ) ಪಡೆದವರು ಇದ್ದಾರಾ ನೋಡಿ. ಅವರ ಗೆಡ್ಡೆಯ ಕೀಮೋಕೈನ್ ವಿಕಿರಣಕ್ಕೆ ಬಂದ ಪ್ರತಿಕ್ರಿಯೆಯೂ ಆಗಿರುತ್ತದೆ. ಅಂಥವರಿಗೆ ಚಿಕಿತ್ಸೆಗೆ ಮೊದಲಿನ ಬಯಾಪ್ಸಿ ಬ್ಲಾಕ್ ಹುಡುಕಿ.

ಬೆಂಚ್ಎರಡು

ಜಿಎಪಿಡಿಎಚ್ ಕೈಬಿಡಿ. ಕಾರಣ ಹೇಳುತ್ತೇನೆ. ಆಮ್ಲಜನಕ ಕಡಿಮೆ ಇದ್ದಲ್ಲಿ ಅದು ಏರುತ್ತದೆ. ಹೈ-ಗ್ರೇಡ್, ನೆಕ್ರೋಸಿಸ್ ಇರುವ ಸಾರ್ಕೋಮಾದಲ್ಲಿ ಆಮ್ಲಜನಕ ಕಡಿಮೆಯೇ. ಛೇದದಲ್ಲಿರುವುದು ಏರಿದರೆ ಕೀಮೋಕೈನ್ ತಾನಾಗಿ ಇಳಿದಂತೆ ಕಾಣುತ್ತದೆ. ಆಗ "ಕೀಮೋಕೈನ್ ಕಡಿಮೆ ಇದ್ದವರು ಬೇಗ ಸಾಯುತ್ತಾರೆ" ಎಂಬ ಚೆಂದದ ಗ್ರಾಫ್ ಸಿಗುತ್ತದೆ, ಅದು ಹೇಳುತ್ತಿರುವುದು ಮಾತ್ರ ಗ್ರೇಡ್‌ನ ಕಥೆ. ಟಿಬಿಪಿ, ಎಚ್‌ಪಿಆರ್‌ಟಿ1, ಜಿಯುಎಸ್‌ಬಿ, ಪಿಪಿಐಎ, ಆರ್‌ಪಿಎಲ್‌ಪಿ0 ಈ ಹೋಲಿಕೆ ಜೀನ್‌ಗಳನ್ನು 10-12 ಮಾದರಿಗಳಲ್ಲಿ ಓಡಿಸಿ, ಜೀನಾರ್ಮ್ ಎಂಬ ಸಾಫ್ಟ್‌ವೇರ್‌ನಲ್ಲಿ ಸ್ಥಿರವಾದ ಮೂರು ಆರಿಸಿ, ಅವುಗಳ ಜಿಯೋಮೆಟ್ರಿಕ್ ಸರಾಸರಿ ಬಳಸಿ.

ಪ್ಯಾರಾಫಿನ್ ಆರ್‌ಎನ್‌ಎ ಚೂರುಚೂರಾಗಿರುತ್ತದೆ. ರಿನ್ ಅಂಕೆ (ಆರ್‌ಎನ್‌ಎ ಎಷ್ಟು ಇಡಿಯಾಗಿದೆ ಎಂಬ ಅಳತೆ) ಇಲ್ಲಿ ಉಪಯೋಗಕ್ಕೆ ಬಾರದು. ಡಿವಿ200 (200 ಬೇಸ್‌ಗಿಂತ ಉದ್ದದ ಚೂರುಗಳ ಪ್ರಮಾಣ) ನೋಡಿ, ಶೇ. 30ಕ್ಕಿಂತ ಕಡಿಮೆ ಇದ್ದರೆ ಆ ಬ್ಲಾಕ್ ಬಿಡಿ. 10 ಮೈಕ್ರಾನ್‌ನ 4-6 ಸೆಕ್ಷನ್ ಸಾಕು. ಗಾಳಿಗೆ ತೆರೆದಿದ್ದ ಮೊದಲ ಒಂದೆರಡು ಸೆಕ್ಷನ್ ಎಸೆಯಿರಿ, ಬ್ಲಾಕ್ ಬ್ಲಾಕ್‌ಗೂ ಬ್ಲೇಡ್ ಬದಲಿಸಿ. ಆಂಪ್ಲಿಕಾನ್ (ಪಿಸಿಆರ್ ನಕಲು ಮಾಡುವ ತುಂಡು) 60-80 ಬೇಸ್ ದಾಟದಿರಲಿ, 150 ಬೇಸ್‌ನ ಪ್ರೈಮರ್ ಹಳೆಯ ಬ್ಲಾಕ್‌ನಲ್ಲಿ ಕೈಕೊಡುತ್ತದೆ. ಡಿಎನ್‌ಎ ಅಳಿಸಲು ಡಿಎನೇಸ್ ಹಾಕಿ, ಆರ್‌ಟಿ (ಆರ್‌ಎನ್‌ಎಯನ್ನು ಡಿಎನ್‌ಎ ಮಾಡುವ ಕಿಣ್ವ) ಇಲ್ಲದ ಕಂಟ್ರೋಲ್ ಪ್ರತಿ ಮಾದರಿಗೂ ಇಡಿ. ಪ್ರೈಮರ್ ದಕ್ಷತೆ ಶೇ. 90-110ರ ಒಳಗಿರಬೇಕು. ಸಿಟಿ (ಸಂಕೇತ ಕಾಣಿಸುವ ಸುತ್ತಿನ ಸಂಖ್ಯೆ) 35 ದಾಟಿದ ಓದಿಕೆಯನ್ನು ಸಂಖ್ಯೆ ಎಂದು ನಂಬಬೇಡಿ.

ಸಿಸಿಎಲ್3 ಪಟ್ಟಿಯಲ್ಲಿದೆಯಲ್ಲ, ಅದಕ್ಕೆ ಸಿಸಿಎಲ್3ಎಲ್ ಎಂಬ ಅವಳಿಯಂಥ ಪ್ರತಿಗಳಿವೆ. ಎಷ್ಟು ಪ್ರತಿ ಎಂಬುದು ಜನರಿಂದ ಜನರಿಗೆ ಬದಲಾಗುತ್ತದೆ. ಸಾಧಾರಣ ಪ್ರೈಮರ್ ಎರಡನ್ನೂ ಹಿಡಿಯುತ್ತದೆ. ಈ ಜೀನ್ ಬಿಟ್ಟರೆ ನಷ್ಟವಿಲ್ಲ.

ಬ್ಲಾಕ್‌ನ ವರ್ಷವನ್ನೂ ಬರೆದಿಡಿ. ಹಳೆಯ ಬ್ಲಾಕ್‌ನಲ್ಲಿ ಸಿಎಕ್ಸ್‌ಸಿಎಲ್13ನಂಥ ಕಡಿಮೆ ಪ್ರಮಾಣದ ಜೀನ್ ಮೊದಲು ಮಾಯವಾಗುತ್ತದೆ. ಅದೇ ರೋಗಿಗಳ ಫಾಲೋಅಪ್ ಉದ್ದವಿರುತ್ತದೆ, ಚಿಕಿತ್ಸೆಯೂ ಬೇರೆ ಕಾಲದ್ದು.

ಅಪಾಯದನುಪಾತ

ಇಬ್ಬರೂ ಹೇಳಿದ್ದನ್ನು ಮಾಡಿದ ಮೇಲೂ ಉಳಿಯುವ ಸಮಸ್ಯೆ ಸಾರ್ಕೋಮಾದ ಬಗೆ. ಎಸ್‌ಎಸ್18 ಜೀನ್ ಬೆಸುಗೆಯಿಂದ ಬರುವ ಸೈನೋವಿಯಲ್‌ನಲ್ಲಿ ರೋಗನಿರೋಧಕ ಕೋಶಗಳು ತೀರಾ ವಿರಳ. ಯುಪಿಎಸ್, ಡಿಡಿಫರೆನ್ಶಿಯೇಟೆಡ್ ಲೈಪೋಸಾರ್ಕೋಮಾಗಳಲ್ಲಿ ಸಾಕಷ್ಟು. ಎಲ್ಲವನ್ನೂ ಒಂದೇ ಮೀಡಿಯನ್‌ನಲ್ಲಿ ಕತ್ತರಿಸಿದರೆ "ಹೆಚ್ಚು" ಗುಂಪು ಒಂದು ಬಗೆ, "ಕಡಿಮೆ" ಗುಂಪು ಇನ್ನೊಂದು ಬಗೆ ಆಗಿಬಿಡುತ್ತದೆ. ಕಾಕ್ಸ್ ಮಾದರಿಯಲ್ಲಿ (ಬದುಕುಳಿಯುವ ಅವಧಿಯ ಲೆಕ್ಕ) ಬಗೆಯನ್ನು ಸ್ಟ್ರಾಟಾ ಆಗಿ, ಅಂದರೆ ಪ್ರತ್ಯೇಕ ಪದರಗಳಾಗಿ ಹಾಕಿ. ಸೈನೋವಿಯಲ್ ಬೆರಳೆಣಿಕೆಯಷ್ಟೇ ಇದ್ದರೆ ಹೊರಗಿಡುವುದು ಮೇಲು.

ಗುಂಪು ಮಾಡಲೇಬೇಡಿ. ಲಾಗ್2 ಬೆಲೆಯನ್ನು ನೇರವಾಗಿ ಹಾಕಿ, ಒಂದು ಸ್ಟ್ಯಾಂಡರ್ಡ್ ಡೀವಿಯೇಶನ್‌ಗೆ ಹಜಾರ್ಡ್ ರೇಶಿಯೋ (ಅಪಾಯದ ಅನುಪಾತ) ಎಷ್ಟು ಎಂದು ಹೇಳಿ. ಸಾಫ್ಟ್‌ವೇರ್ ಹುಡುಕಿಕೊಡುವ "ಅತ್ಯುತ್ತಮ ಕಟ್‌ಪಾಯಿಂಟ್" ಇನ್ನೂ ಅಪಾಯ: ಎಲ್ಲ ಬಿಂದುಗಳನ್ನೂ ಪರೀಕ್ಷಿಸಿ ಒಳ್ಳೆಯದನ್ನು ಆರಿಸಿದರೆ ಸುಳ್ಳು ಫಲಿತಾಂಶದ ಸಾಧ್ಯತೆ ಶೇ. 5ರಿಂದ ಸುಮಾರು ಶೇ. 40ಕ್ಕೆ ಏರುತ್ತದೆ.

60 ಕೇಸ್‌ನಲ್ಲಿ 25 ಘಟನೆಗಳು (ಸಾವು ಅಥವಾ ಮರುಕಳಿಕೆ) ಎಂದುಕೊಂಡರೂ ಎರಡು ಮೂರು ಅಂಶಗಳಿಗಷ್ಟೇ ಜಾಗ. ಸಿಎಕ್ಸ್‌ಸಿಎಲ್9 ಮತ್ತು 10 ಒಟ್ಟಿಗೆ ಏರಿಳಿಯುತ್ತವೆ, ಎರಡನ್ನೂ ಒಂದೇ ಮಾದರಿಯಲ್ಲಿ ಹಾಕಿದರೆ ಒಂದನ್ನೊಂದು ನುಂಗುತ್ತವೆ. ಝಡ್ ಸ್ಕೋರ್ ಸರಾಸರಿ ಮಾಡಿ ಒಂದೇ ಅಂಕವಾಗಿಸಿ. ಒಂದನ್ನೇ ಆರಿಸಬೇಕಾದರೆ ನನ್ನ ಮತ 9ಕ್ಕೆ. ಅದು ಇಂಟರ್‌ಫೆರಾನ್ ಗ್ಯಾಮಾಕ್ಕೆ ಹೆಚ್ಚು ನಿಷ್ಠ, 10 ಟೈಪ್ 1 ಇಂಟರ್‌ಫೆರಾನ್‌ಗೂ ಏಳುತ್ತದೆ. ಸಿಎಕ್ಸ್‌ಸಿಎಲ್12 ಹೆಚ್ಚಾಗಿ ಸ್ಟ್ರೋಮಾ, ರಕ್ತನಾಳಗಳಿಂದ ಬರುವಂಥದ್ದು. ಅರೆದ ಅಂಗಾಂಶದಲ್ಲಿ ಅದರ ಅರ್ಥ ಬಿಡಿಸುವುದು ಕಷ್ಟ.

ಕೈಕಾಲಿನ ಯುಪಿಎಸ್ ಶ್ವಾಸಕೋಶಕ್ಕೆ ಹರಡಿ ಕೊಲ್ಲುತ್ತದೆ, ರೆಟ್ರೋಪೆರಿಟೋನಿಯಂನ ಲೈಪೋಸಾರ್ಕೋಮಾ ಹೆಚ್ಚಾಗಿ ಇದ್ದಲ್ಲೇ ಮರುಕಳಿಸಿ ಕೊಲ್ಲುತ್ತದೆ. ಆದ್ದರಿಂದ ಮೆಟಾಸ್ಟಾಸಿಸ್ ಇಲ್ಲದ ಅವಧಿಯನ್ನು ಮೊದಲನೆಯ ಗುಂಪಿನಲ್ಲಿ ಮಾತ್ರ ನೋಡಿ.

ಕೊನೆಗೆ ಕೇಳಬೇಕಾದ್ದು ಪಿ ಬೆಲೆಯಲ್ಲ. ಎಫ್‌ಎನ್‌ಸಿಎಲ್‌ಸಿಸಿ ಗ್ರೇಡ್ (ಸಾರ್ಕೋಮಾದ ತೀವ್ರತೆಯ ಫ್ರೆಂಚ್ ಶ್ರೇಣಿ) ಮತ್ತು ಗಾತ್ರ ಇರುವ ಮಾದರಿಗೆ ನಿಮ್ಮ ಅಂಕ ಸೇರಿಸಿದರೆ ಸಿ-ಇಂಡೆಕ್ಸ್ (ಮುನ್ಸೂಚನೆ ಎಷ್ಟು ಸರಿ ಎಂಬ ಅಂಕ) ಏರುತ್ತದೆಯೇ? ಹೊರಗಿನ ಪರೀಕ್ಷೆಗೆ ಟಿಸಿಜಿಎ (ಕ್ಯಾನ್ಸರ್ ಜೀನೋಮ್ ಅಟ್ಲಾಸ್) ದತ್ತಾಂಶ ಇದೆ. 2017ರ ಪ್ರಬಂಧದಲ್ಲಿ 206 ಗೆಡ್ಡೆಗಳು, ಅವುಗಳಲ್ಲಿ 80 ಲಿಯೋಮಯೋಸಾರ್ಕೋಮಾ, ಅದರಲ್ಲೂ 27 ಗರ್ಭಕೋಶದ್ದು. ಗರ್ಭಕೋಶದವನ್ನು ಹೊರಗಿಟ್ಟು ಹೋಲಿಸಿ. ಅದು ಶೈತ್ಯೀಕರಿಸಿದ ಮಾದರಿಗಳ ಆರ್‌ಎನ್‌ಎ ಸೀಕ್ವೆನ್ಸಿಂಗ್, ಆದ್ದರಿಂದ ಬೆಲೆ ಹೊಂದದು, ದಿಕ್ಕು ಹೊಂದಬೇಕು.

ಸಿಎಕ್ಸ್‌ಸಿಎಲ್13 ಬಗ್ಗೆ ಆಸೆ ಇಟ್ಟುಕೊಳ್ಳಲು ಗಟ್ಟಿ ಕಾರಣ ಇದೆ. 2020ರಲ್ಲಿ ನೇಚರ್‌ನಲ್ಲಿ ಬಂದ, 608 ಗೆಡ್ಡೆಗಳ ಅಧ್ಯಯನ ಸಾರ್ಕೋಮಾಗಳನ್ನು ಎ-ಇಂದ ಇ-ವರೆಗೆ ಐದು ವರ್ಗ ಮಾಡಿತು. ಬಿ ಕೋಶ, ಲಿಂಫಾಯ್ಡ್ ರಚನೆ, ಸಿಎಕ್ಸ್‌ಸಿಎಲ್13 ಹೆಚ್ಚಿದ್ದ ಇ ವರ್ಗದವರು ಹೆಚ್ಚು ಕಾಲ ಬದುಕಿದರು, ಪೆಂಬ್ರೋಲಿಝುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧಕ್ಕೂ ಚೆನ್ನಾಗಿ ಸ್ಪಂದಿಸಿದರು. ಆದರೆ ಇವೆರಡೂ ಬೇರೆ ಮಾತು. ನಿಮ್ಮ ರೋಗಿಗಳು ಆ ಔಷಧ ಪಡೆದಿಲ್ಲವಾದರೆ ಔಷಧ ಕೆಲಸ ಮಾಡುತ್ತದೆಂದು ನಿಮ್ಮ ದತ್ತಾಂಶದಿಂದ ಬರೆಯುವಂತಿಲ್ಲ.

ಪ್ಯಾರಾಫಿನ್60

ತುಂಬಾ ಉಪಕಾರ. ಸಿಸಿಎಲ್3, ಸಿಎಕ್ಸ್‌ಸಿಎಲ್12 ಬಿಡುತ್ತೇನೆ. ಸ್ಲೈಡ್‌ನಲ್ಲಿ ಲಿಂಫ್ ನೋಡ್ ಸಿಕ್ಕರೆ ಆ ಕೇಸನ್ನೇ ಕೈಬಿಡಬೇಕೇ?

ಗಾಜುಪಟ್ಟಿ

ಬೇಡ. ಅದೇ ಗೆಡ್ಡೆಯ ಬೇರೆ ಬ್ಲಾಕ್ ತರಿಸಿ. ಇಲ್ಲದಿದ್ದರೆ ನೋಡ್ ಬಿಟ್ಟು ಕೆರೆಯಿರಿ, ಆಮೇಲಿನ ಸೆಕ್ಷನ್‌ನಿಂದ ಇನ್ನೊಂದು ಸ್ಲೈಡ್ ಮಾಡಿ ಖಾತ್ರಿಪಡಿಸಿಕೊಳ್ಳಿ. ಯಾವ ಕೇಸ್ ಉಳಿಯಬೇಕು, ಯಾವುದು ಹೋಗಬೇಕು ಎಂಬ ಪಟ್ಟಿಗೆ ದಿನಾಂಕ ಹಾಕಿ, ಯಾರು ಎಷ್ಟು ಕಾಲ ಬದುಕಿದರು ಎಂಬ ಫೈಲ್ ತೆರೆಯುವ ಮೊದಲೇ ಮುಗಿಸಿ.