ಹುಳದ ವಿಡಿಯೊ ನೋಡುತ್ತಾರೆ, ಅಕ್ಷರ ಮಾತ್ರ ಹತ್ತುತ್ತಿಲ್ಲ

ಸಂಜೆ ಕ್ಲಾಸು, ಶಿಡ್ಲಘಟ್ಟ:
ನಮ್ಮ ಹಳ್ಳಿಯ ಒಂಬತ್ತು ಜನ ಹೆಂಗಸರಿಗೆ ರಾತ್ರಿ ಓದು ಬರಹ ಹೇಳಿಕೊಡುತ್ತಿದ್ದೇನೆ. ಎಲ್ಲರ ಮನೆಯಲ್ಲೂ ರೇಷ್ಮೆ ಹುಳ ಇದೆ, ಅದಕ್ಕೇ ನೆಟ್‌ನಲ್ಲಿ ಹುಳದ ವಿಡಿಯೊ ಹುಡುಕಿ ತೋರಿಸಿದೆ. "ಇದು ನಮಗೇ ಗೊತ್ತಲ್ಲ ಮೇಡಂ" ಅಂತ ನಕ್ಕರು. ಆಮೇಲೆ ಒಂದು ವಿಜ್ಞಾನದ ಪುಟ ತೆಗೆದೆ. 'ರೂಪಾಂತರ', 'ಕೋಶಾವಸ್ಥೆ' ಅಂತ ಬಂದಿದ್ದೇ ಎಲ್ಲರೂ ಗಪ್‌ಚುಪ್. ಏನು ಮಾಡಲಿ?

ಹಿಪ್ಪುನೇರಳೆ:
ಅಕ್ಕಾ, ವಿಡಿಯೊದ ಸೌಂಡ್ ತೆಗೆದುಬಿಡಿ. ಹುಳು ಪೊರೆ ಬಿಡುವ ಕಡೆ ನಿಲ್ಲಿಸಿ, ಇದಕ್ಕೆ ಏನಂತೀರಿ ಅಂತ ಕೇಳಿ. 'ಜ್ವರ' ಅಂತಾರೆ. ನಾಲ್ಕು ಜ್ವರದ ಲೆಕ್ಕ ಅವರಿಗೆ ಬಾಯಿಪಾಠ ಅಲ್ವಾ, ಹೇಳಿದ್ದನ್ನೇ ಬೋರ್ಡ್ ಮೇಲೆ ಬರೆಯಿರಿ. ಆದರೆ ರೇಷ್ಮೆ, ಮೊಟ್ಟೆ, ಸೊಪ್ಪು, ಚಿಟ್ಟೆ, ಜ್ವರ ಎಲ್ಲದರಲ್ಲೂ ಒತ್ತಕ್ಷರ! ಹುಳು, ಗೂಡು, ನೂಲು, ಎಲೆ ಇವುಗಳಿಂದ ಶುರು ಮಾಡಿ.

ಕೋಲಾರದವನು:
ನಾನು ಅಷ್ಟು ಒಪ್ಪಲ್ಲ. ಗೊತ್ತಿರುವುದನ್ನೇ ಕೊಟ್ಟರೆ ಊಹೆ ಮಾಡಿ ಹೇಳಿಬಿಡುತ್ತಾರೆ, ನಮಗೆ ಓದಿದ ಹಾಗೆ ಕೇಳಿಸುತ್ತದೆ. ನಾನು ಹಾಗೇ ಎರಡು ತಿಂಗಳು ಮೋಸ ಹೋದೆ. ಆಮೇಲೆ ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ನೆಟ್‌ನಲ್ಲಿ ಓದಿ, ನಾನೇ ನಾಲ್ಕು ಸಾಲು ಬರೆದು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿದೆ (ಫೋನಿನ ಅಕ್ಷರ ಆ ವಯಸ್ಸಿಗೆ ಕಾಣಲ್ಲ). ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಬಾರದು, ಕಾಯಿಸಿದರೂ ಫ್ಲೋರೈಡ್ ಹೋಗಲ್ಲ, ಇಷ್ಟೇ ಇದ್ದಿದ್ದು. ಒಬ್ಬ ಅಜ್ಜಿ ಬೆರಳಿಟ್ಟು ನಿಧಾನಕ್ಕೆ ಕೂಡಿಸಿ ಓದಿ, ತಲೆ ಎತ್ತಿ, "ಏನಪ್ಪಾ, ಕಾಯಿಸಿದರೂ ಹೋಗಲ್ವಾ?" ಅಂದರು. ಓದು ಬಂದಿದೆ ಅಂತ ನನಗೆ ಗೊತ್ತಾಗಿದ್ದು ಆವತ್ತು.

ತುಮಕೂರು ಮೇಷ್ಟ್ರು:
ಸ್ಟೋರಿವೀವರ್ ಅನ್ನುವ ವೆಬ್‌ಸೈಟ್‌ನಲ್ಲಿ ಕನ್ನಡದ ಪುಟ್ಟ ವಿಜ್ಞಾನ ಪುಸ್ತಕಗಳು ಪುಕ್ಕಟೆ ಸಿಗುತ್ತವೆ, ಓದುವ ಮಟ್ಟ 1ರಿಂದ 4ರವರೆಗೆ ಬೇರೆ ಬೇರೆ. ಪ್ರಿಂಟ್ ಮಾಡಬಹುದು, ಮಾತು ಬದಲಾಯಿಸಲೂಬಹುದು. ಆದರೆ ಮಕ್ಕಳ ಚಿತ್ರ ಜಾಸ್ತಿ. "ನಮ್ಮನ್ನೇನು ಒಂದನೇ ಕ್ಲಾಸಿಗೆ ಹಾಕ್ತೀರಾ" ಅಂತ ನನಗೆ ಬೈಸಿಕೊಂಡು ಗೊತ್ತು.

ಸಂಜೆ ಕ್ಲಾಸು, ಶಿಡ್ಲಘಟ್ಟ:
ಕೋಲಾರದ ಅಣ್ಣ ಹೇಳಿದ್ದು ತಟ್ಟಿತು. ನಮ್ಮವರೂ ಊಹೆಯಲ್ಲೇ ಹೇಳುತ್ತಿದ್ದರು ಅನಿಸುತ್ತಿದೆ. ಎಳೆ ಹುಳಕ್ಕೆ 26ರಿಂದ 28 ಡಿಗ್ರಿ ಬಿಸಿ ಯಾಕೆ ಬೇಕು ಅಂತ ನಾಲ್ಕು ಸಾಲು ಬರೆದು, ಹುಳದ ಮನೆಯ ಥರ್ಮಾಮೀಟರ್ ಪಕ್ಕದಲ್ಲೇ ಅಂಟಿಸುತ್ತೇನೆ. ಈ ವಾರ ಮಾತ್ರ ಆಗಲ್ಲ. ಹುಳು ನಾಲ್ಕನೇ ಜ್ವರದಿಂದ ಎದ್ದಿದೆ, ಸೊಪ್ಪು ಹಾಕುವುದರಲ್ಲೇ ರಾತ್ರಿ ಆಗುತ್ತದೆ, ಕ್ಲಾಸಿಗೆ ಯಾರೂ ಬರಲ್ಲ. ಗೂಡು ಮಾರ್ಕೆಟ್‌ಗೆ ಹೋಗಿ ಬರಲಿ.